ಹೊರೆಯ ನಡುಮಟ್ಟ

ಮಾರ್ಚ್ 3, ಸೋಮವಾರ

ಬೆಳಿಗ್ಗೆ ನಾನು ಪರೀಕ್ಷಾ ಅಂಗಳ ಮುಟ್ಟುವಷ್ಟರಲ್ಲಿ ಸುದ್ದಿ ನನಗಿಂತ ಮೊದಲೇ ಬಂದು ಕೂತಿತ್ತು. ನಿನ್ನೆ ಮಧ್ಯಾಹ್ನ ಹೊಳೆಯ ಮೇಲಿನ ಸೇತುವೆಯಲ್ಲಿ ಒಂದು ಲಾರಿ ತಡೆಗೋಡೆಗೆ ಬಡಿದು, ಅದರ ಮೇಲೆಯೇ ಮಗುಚಿಕೊಂಡು ಕೆಳಗೆ ಬಿದ್ದಿದೆ. ಚಾಲಕ ಸತ್ತಿದ್ದಾನೆ. ಲಾರಿ ತುಂಬ ಕಾಗದದ ದೊಡ್ಡ ಸುರುಳಿಗಳಿದ್ದವಂತೆ. ತಡೆಗೋಡೆ ಮುರಿದಿಲ್ಲ, ಬಿರುಕು ಬಿಟ್ಟಿಲ್ಲ. ಲಾರಿ ಅದರ ಮೇಲಿಂದ ಉರುಳಿ ಹೋಗಿದೆ, ಅಷ್ಟೆ.

ಅದು ನಮ್ಮ ಅಂಗಳದ ತಡೆಗೋಡೆ. ಎರಡು ವರ್ಷದ ಹಿಂದೆ ಇಲ್ಲೇ ಅದಕ್ಕೆ ಲಾರಿ ಗುದ್ದಿಸಿ, ಭಾರಿ ವಾಹನ ತಡೆಯುತ್ತದೆ ಎಂದು ಮುದ್ರೆ ಒತ್ತಿ ಕಳಿಸಿದ್ದು. ಈಗ ಹದಿನಾಲ್ಕು ಸೇತುವೆಗಳ ಮೇಲೆ ನಿಂತಿದೆ.

ನಿರ್ದೇಶಕರು ಎಲ್ಲರನ್ನೂ ಕರೆದು, ಚಾಲಕ ತೂಕಡಿಸಿರಬೇಕು, ವೇಗ ಮಿತಿ ಮೀರಿರಬೇಕು, ಗಾಬರಿ ಬೇಡ ಎಂದರು. ಎಲ್ಲರೂ ತಲೆಯಾಡಿಸಿದರು. ಮೊದಲು ಆಡಿದ ತಲೆ ನನ್ನದು.

ಡೈರಿ ಬರೆಯುವ ಪೈಕಿಯವನಲ್ಲ ನಾನು. ವರ್ಷದ ಮೊದಲಿಗೆ ಕಚೇರಿಯಲ್ಲಿ ಕೊಟ್ಟದ್ದು ಖಾಲಿ ಬಿದ್ದಿತ್ತು. ಇವತ್ತು ಏಕೋ ತೆಗೆದೆ.

ಮಾರ್ಚ್ 4, ಮಂಗಳವಾರ

ತೂಕ ಸರಿಯಿತ್ತು. ಇನ್ನೂರು ಚೀಲ ಮರಳು, ಚೀಲಕ್ಕೆ ನಲವತ್ತು ಕಿಲೋ. ಒಂದೊಂದನ್ನೂ ನಾನೇ ತೂಗಿದ್ದೆ.

ಮಾರ್ಚ್ 7, ಶುಕ್ರವಾರ

ನನ್ನ ಕೆಲಸ ಏನೆಂದು ಯಾರಿಗಾದರೂ ಹೇಳಿದರೆ ನಗುತ್ತಾರೆ. ಗುದ್ದಿಸಬೇಕಾದ ಲಾರಿಗೆ ಹೊರೆ ತುಂಬುವುದು. ಲಾರಿಯಲ್ಲಿ ಚಾಲಕ ಇರುವುದಿಲ್ಲ, ಉಕ್ಕಿನ ಕೇಬಲ್ಲು ಅದನ್ನು ಎಳೆದೊಯ್ದು ಗೋಡೆಗೆ ಬಡಿಯುತ್ತದೆ. ಬೇರೆಯವರು ತಾವು ಕಟ್ಟಿದ್ದನ್ನು ಕಾಯುತ್ತಾರೆ, ನಾನು ಕಟ್ಟಿದ್ದು ಅರ್ಧ ನಿಮಿಷದಲ್ಲಿ ಚೆಲ್ಲಾಪಿಲ್ಲಿ. ಆದರೂ ಇಪ್ಪತ್ತಾರು ವರ್ಷ ಅಚ್ಚುಕಟ್ಟಾಗಿ ತುಂಬಿದ್ದೇನೆ. ಚೀಲ ಎತ್ತಿದ ಕೂಡಲೇ ಅರ್ಧ ಕಿಲೋ ಹೆಚ್ಚೋ ಕಮ್ಮಿಯೋ ಎಂದು ಕೈ ಹೇಳುತ್ತದೆ. ನನ್ನ ಹೆಂಡತಿಗೆ ಇದೊಂದು ದೊಡ್ಡ ಹೆಮ್ಮೆ. ಮನೆಗೆ ಯಾರೇ ಬರಲಿ, ಕುಂಬಳಕಾಯಿಯನ್ನೋ ಮಗುವನ್ನೋ ನನ್ನ ಕೈಗೆ ಕೊಟ್ಟು ತೂಕ ಹೇಳಿಸುತ್ತಾಳೆ. ಆಮೇಲೆ ತಕ್ಕಡಿ ತಂದು ಎಲ್ಲರೆದುರು ತೋರಿಸುತ್ತಾಳೆ.

ಇವತ್ತು ಪಕ್ಕದ ಮನೆಯಾಕೆ ಕೂಸನ್ನು ಎತ್ತಿಕೊಂಡು ಬಂದಳು. ಕೈ ನೋವು ಎಂದು ಸುಳ್ಳು ಹೇಳಿ ಒಳಗೆ ಹೋದೆ.

ಮಾರ್ಚ್ 12, ಬುಧವಾರ

ಇವತ್ತು ಲೆಕ್ಕದ ಹುಡುಗಿ ನನ್ನ ಶೆಡ್ಡಿಗೆ ಬಂದಿದ್ದಳು. ಹುಡುಗಿ ಎನ್ನುವುದು ನನ್ನ ಹಳೇ ಅಭ್ಯಾಸ. ಅವಳಿಗೆ ಮೂವತ್ತೈದು ದಾಟಿದೆ, ಈ ತಡೆಗೋಡೆಯ ವಿನ್ಯಾಸ ಮಾಡಿದ ಎಂಜಿನಿಯರು ಅವಳೇ. ಮರಳಿನ ಚೀಲದ ಮೇಲೆ ಕೂತು, ತಾನು ತಂದಿದ್ದ ಡಬ್ಬಿಯಲ್ಲಿ ಅರ್ಧ ನನಗೆ ಕೊಟ್ಟು, ತನ್ನ ಲೆಕ್ಕಗಳನ್ನೆಲ್ಲ ಮತ್ತೆ ಬಿಡಿಸುತ್ತಿದ್ದೇನೆ ಎಂದಳು.

ಇದನ್ನು ಬರೆಯದೆ ಬೇರೆ ದಾರಿಯಿಲ್ಲ. ಬರೆದುಬಿಡುತ್ತೇನೆ.

ಈ ಗೋಡೆ ತೊಂಬತ್ತು ಸೆಂಟಿಮೀಟರ್ ಎತ್ತರ. ಅದು ಸಾಲದು, ಎತ್ತರದಲ್ಲಿ ಹೊರೆ ಇರುವ ಲಾರಿ ಇದರ ಮೇಲೆ ಮಗುಚುತ್ತದೆ, ನೂರ ಹತ್ತಾದರೂ ಬೇಕು ಎಂದು ಅವಳ ಲೆಕ್ಕ ಅಂದೇ ಹೇಳಿತ್ತು. ತೊಂಬತ್ತನ್ನೇ ಮೊದಲು ಪರೀಕ್ಷಿಸೋಣ ಎಂದರು ಮೇಲಿನವರು. ಪರೀಕ್ಷೆಯ ನಿಯಮದ ಪ್ರಕಾರ ಹೊರೆಯ ನಡುಮಟ್ಟ, ಅಂದರೆ ಅದರ ಭಾರದ ನಡುಬಿಂದು, ನೆಲದಿಂದ ನೂರ ಅರವತ್ತೈದು ಸೆಂಟಿಮೀಟರ್ ಇರಬೇಕು. ಅದಕ್ಕಾಗಿ ಲಾರಿಯೊಳಗೆ ನಲವತ್ತು ಸೆಂಟಿಮೀಟರಿನ ಮರದ ಮೇಜುಗಳನ್ನಿಟ್ಟು, ಅವುಗಳ ಮೇಲೆ ಚೀಲ ಪೇರಿಸುತ್ತೇವೆ. ಈ ಗೋಡೆಯ ಪರೀಕ್ಷೆಗೆ ಒಂದು ವಾರ ಮೊದಲು, ಬೇರೊಂದು ಪರೀಕ್ಷೆಯಲ್ಲಿ ಮೇಜುಗಳು ಪುಡಿಯಾಗಿದ್ದವು. ಬಡಗಿ ಹೊಸದನ್ನು ಬೆಳಿಗ್ಗೆ ಎಂಟಕ್ಕೆ ತರುತ್ತೇನೆಂದಿದ್ದ. ಒಂಬತ್ತಾದರೂ ಪತ್ತೆಯಿಲ್ಲ. ಅತಿಥಿಗಳು ಶಾಮಿಯಾನದ ಕೆಳಗೆ ಬಂದು ಕೂತರು. ನಿರ್ದೇಶಕರು ಎರಡು ಸಲ ಗಡಿಯಾರ ನೋಡಿ ನನ್ನ ಕಡೆ ನೋಡಿದರು. ನಾನು ಚೀಲಗಳನ್ನು ಲಾರಿಯ ಹಾಸಿನ ಮೇಲೆಯೇ ಹರಡಿಸಿದೆ. ತೂಕ ತೂಕವೇ, ಒಂದು ಮೊಳ ಮೇಲಿದ್ದರೇನು ಕೆಳಗಿದ್ದರೇನು ಅಂದುಕೊಂಡೆ. ಮೇಲೆ ಕಮಾನು, ಅದರ ಮೇಲೆ ಟಾರ್ಪಾಲು. ಒಳಗೇನಿದೆ ಎಂದು ಯಾರಿಗೂ ಕಾಣದು.

ಹಾಳೆ ತುಂಬುವುದು ನಮ್ಮಲ್ಲಿ ಹಿಂದಿನ ಸಂಜೆಯೇ. ಪರೀಕ್ಷೆಯ ದಿನ ಮೈಕೈಯೆಲ್ಲ ಮರಳು, ಪೆನ್ನು ಹಿಡಿಯಲು ಪುರುಸೊತ್ತಿರುವುದಿಲ್ಲ. ಹಾಗಾಗಿ ನಡುಮಟ್ಟ 165 ಎಂದು ಬರೆದು ಸಹಿ ಹಾಕಿದ್ದು ಆಗಲೇ ಕಚೇರಿ ಸೇರಿತ್ತು.

ಲಾರಿ ಬಡಿಯಿತು, ವಾಲಿತು, ಮತ್ತೆ ಚಕ್ರಗಳ ಮೇಲೆಯೇ ನಿಂತಿತು. ಚಪ್ಪಾಳೆ. ನಿರ್ದೇಶಕರು ನನ್ನ ಬೆನ್ನು ತಟ್ಟಿದರು. ಎಲ್ಲರೂ ಒಬ್ಬರ ಕೈ ಒಬ್ಬರು ಕುಲುಕುತ್ತಿದ್ದಾಗ ಬಡಗಿ ಬಂದು ಶೆಡ್ಡಿನ ಹಿಂದೆ ಮೇಜುಗಳನ್ನು ಇಳಿಸಿದ.

ಆ ಸಂಜೆ ಲೆಕ್ಕದ ಹುಡುಗಿ, ತನ್ನ ಲೆಕ್ಕ ತಪ್ಪಿತ್ತು ಎಂದು ಬರೆದುಕೊಟ್ಟಳು. ತೊಂಬತ್ತಕ್ಕೇ ಸಹಿ ಹಾಕಿದಳು. ಆಮೇಲೆ ಕ್ಯಾಂಟೀನಿನಲ್ಲಿ ಅವಳನ್ನು ಎಷ್ಟು ದಿನ ಗೋಳು ಹೊಯ್ದುಕೊಂಡರು! ಯಾವ ಬಾಗಿಲ ಬಳಿ ಬಂದರೂ 'ಮೇಡಂ, ಇದು ನೂರ ಹತ್ತು ಬೇಕಿತ್ತಲ್ವಾ' ಎಂದು. ನಾನೂ ನಕ್ಕಿದ್ದೆ.

ಮಾರ್ಚ್ 13, ಗುರುವಾರ

ನಿನ್ನೆ ಬರೆದದ್ದನ್ನು ಹರಿಯಬೇಕೆಂದು ಪುಟ ಹಿಡಿದೆ. ಹರಿಯಲಿಲ್ಲ. ಹರಿದರೂ ಓದಿದವನು ನಾನು ಇದ್ದೇನಲ್ಲ.

ಮಾರ್ಚ್ 19, ಬುಧವಾರ

ತನಿಖೆಗೆ ಸಮಿತಿ ಬಂದಿದೆ, ಮೂವರು. ಮೊದಲು ನೂರ ಹತ್ತು ಎಂದಿರಿ, ಆಮೇಲೆ ತೊಂಬತ್ತಕ್ಕೆ ಸಹಿ ಹಾಕಿದಿರಿ, ಇದೇನು ನಿಮ್ಮ ಸಮಾಚಾರ ಎಂದು ಲೆಕ್ಕದ ಹುಡುಗಿಯನ್ನು ಎರಡು ಗಂಟೆ ಕೂರಿಸಿಕೊಂಡು ಕೇಳಿದ್ದಾರೆ. ಪರೀಕ್ಷೆ ನನ್ನನ್ನು ತಿದ್ದಿತು ಎಂದು ಉತ್ತರ ಕೊಟ್ಟಳಂತೆ. ಕೆಲಸ ಹೋಗುತ್ತದೆ, ಮುಂದೆ ಎಲ್ಲೂ ಸಹಿ ಹಾಕದಂತೆ ಮಾಡುತ್ತಾರೆ ಎಂದು ಕ್ಯಾಂಟೀನಿನ ಮಾತು.

ನನ್ನನ್ನೂ ಕರೆದರು. ಐದೇ ನಿಮಿಷ. ಹಾಳೆ ತೋರಿಸಿ ಇದು ನಿಮ್ಮ ಸಹಿಯೇ ಎಂದರು. ಹೌದು ಎಂದೆ. ಅದು ಸುಳ್ಳಲ್ಲ. ಸಹಿ ನನ್ನದೇ.

ಹೊರಗೆ ಫೋರ್ಕ್‌ಲಿಫ್ಟಿನವನು ಕಾಯುತ್ತಿದ್ದ. ಅಂದು ಚೀಲ ಎತ್ತಿಕೊಟ್ಟವನು ಅವನೇ. ಬಾಯಿಗೆ ಬೀಗವೇ ಇಲ್ಲವೆಂದು ಅವನಿಗೆ ರೇಡಿಯೊ ಎಂದು ಹೆಸರಿಟ್ಟಿದ್ದೇವೆ. ಊರ ಮೇಲಿನ ಸುದ್ದಿಯೆಲ್ಲ ಅವನ ಬಾಯಲ್ಲಿ. ಇದೊಂದನ್ನು ಮಾತ್ರ ಎರಡು ವರ್ಷದಿಂದ ಉಸುರಿಲ್ಲ. ಇವತ್ತೂ ಏನೂ ಕೇಳಲಿಲ್ಲ, ನನ್ನ ಮುಖ ನೋಡಿ ಹೊರಟುಹೋದ. ಬೈದಿದ್ದರೆ ಹಗುರವಾಗುತ್ತಿತ್ತು.

ಮಾರ್ಚ್ 22, ಶನಿವಾರ

ಇವತ್ತಿನದನ್ನು ಬರೆಯಲು ಕೈ ಬರುತ್ತಿಲ್ಲ.

ಹನ್ನೊಂದರ ಹೊತ್ತಿಗೆ ಗೇಟಿನವನು ಒಬ್ಬನನ್ನು ಶೆಡ್ಡಿಗೆ ಕಳಿಸಿದ. ಇಸ್ತ್ರಿ ಮಾಡಿದ ಅಂಗಿ, ಬಿಸಿಲಿಗೆ ಬಲಗೈ ಮಾತ್ರ ಹೆಚ್ಚು ಕಪ್ಪಾಗಿತ್ತು. ಲಾರಿ ಓಡಿಸುವವರ ಕೈ ಹಾಗಿರುತ್ತದೆ. ಸತ್ತ ಚಾಲಕನ ಅಣ್ಣ. ಜಗಳಕ್ಕೆ ಬಂದಿರಲಿಲ್ಲ. ಗೋಡೆಗೆ ಗುದ್ದಿಸಿದ ಜಾಗ ನೋಡಬಹುದೇ ಎಂದು ಕೇಳಿದ. ಕರೆದುಕೊಂಡು ಹೋಗಿ ತೋರಿಸಿದೆ. ಕಾಂಕ್ರೀಟಿನ ಮೇಲೆ ಉಳಿದ ಟಯರಿನ ಗುರುತನ್ನು ಬಗ್ಗಿ ಮುಟ್ಟಿದ.

ತಮ್ಮ ನಿದ್ದೆ ಮಾಡುವವನಲ್ಲ ಎಂದ. ಆ ದಿನ ಎದುರು ಬಂದ ಕಾರಿಗೆ ದಾರಿ ಬಿಡಲು ಪಕ್ಕಕ್ಕೆ ತಿರುಗಿಸಿದ್ದನ್ನು ನೋಡಿದವರಿದ್ದಾರೆ ಎಂದ. ಆಮೇಲೆ ಕೇಳಿದ:

"ನೀವು ಹೊರೆ ಹೇಗೆ ತುಂಬಿದ್ರಿ ಸಾರ್? ಅವನ ಲಾರೀಲಿ ಸುರುಳಿ ನಿಲ್ಲಿಸಿ ತುಂಬಿದ್ರು, ಆಳೆತ್ತರ. ನಿಮ್ಮದೂ ಎತ್ತರಕ್ಕೇ ಇತ್ತಾ?"

ಇಡೀ ಸಮಿತಿಗೆ ಹೊಳೆಯದ ಪ್ರಶ್ನೆ. ಹೊರೆ ಹೊತ್ತು ತಿರುಗುವವನಿಗೆ ಮಾತ್ರ ಗೊತ್ತಿರುವುದು.

"ಎತ್ತರಕ್ಕೇ ಇತ್ತು. ನಿಯಮದ ಪ್ರಕಾರ ಮೇಜು ಹಾಕಿ ತುಂಬಿದ್ವಿ" ಎಂದೆ.

ಈವರೆಗೆ ಹಾಳೆ ಸುಳ್ಳು ಹೇಳುತ್ತಿತ್ತು, ನಾನು ಬಾಯಿ ಮುಚ್ಚಿಕೊಂಡಿದ್ದೆ ಅಷ್ಟೆ. ಇವತ್ತು ಬಾಯಿ ತೆರೆದೇ ಹೇಳಿದೆ. ಅದೂ ನಡುಗದೆ.

ಅವನು ಗುರುತಿನ ಮೇಲಿಂದ ಕೈ ತೆಗೆದ. "ಹಾಗಾದ್ರೆ ನಮ್ಮ ತಮ್ಮನದೇ ಏನೋ ತಪ್ಪಿರ್ಬೇಕು" ಎಂದ. ಕುಡಿಯಲು ನೀರು ಕೇಳಿದ, ನನ್ನ ಲೋಟದಲ್ಲೇ ಕೊಟ್ಟೆ. ಲೋಟ ತೊಳೆದಿಟ್ಟು, ತೊಂದರೆ ಕೊಟ್ಟೆ ಎಂದು ಹೇಳಿ ಹೋದ.

ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿದೆ.

ಮಾರ್ಚ್ 23, ಭಾನುವಾರ

ಊಟ ಸೇರಲಿಲ್ಲ. ಮೈ ಸರಿಯಿಲ್ಲವೇ ಎಂದು ಹೆಂಡತಿ ಹಣೆ ಮುಟ್ಟಿ ನೋಡಿದಳು. ಮುಟ್ಟಬೇಡ ಎಂದು ರೇಗಿದೆ. ಅವಳು ಹೊಲಿಗೆ ಯಂತ್ರದ ಮುಂದೆ ಕೂತು ಸಂಜೆಯವರೆಗೂ ಒಂದೇ ಸಮನೆ ತುಳಿದಳು.

ಮಾರ್ಚ್ 31, ಸೋಮವಾರ

ಅದೇ ಪರೀಕ್ಷೆಯನ್ನು ಮತ್ತೊಮ್ಮೆ ಎಲ್ಲರೆದುರು ಮಾಡಿ ತೋರಿಸೋಣ ಎಂದು ನಿರ್ದೇಶಕರು ಸಮಿತಿಗೆ ಮಾತು ಕೊಟ್ಟಿದ್ದಾರೆ. ಅದೇ ಬಗೆಯ ಲಾರಿ, ಅದೇ ತೂಕ, ಅದೇ ವೇಗ. ಲಾರಿ ನಿಂತರೆ ತಪ್ಪು ಚಾಲಕನದು ಎಂದು ಕಡತ ಮುಚ್ಚುತ್ತಾರೆ. ಏಪ್ರಿಲ್ ಒಂಬತ್ತಕ್ಕೆ ನಿಗದಿ. ಹೊರೆ ತುಂಬಬೇಕಾದವನು ನಾನೇ.

ಆಮೇಲೆ ಬಾಕಿ ಆರು ಸೇತುವೆಗಳಿಗೂ ಇದೇ ಗೋಡೆ ಹೋಗುತ್ತದಂತೆ.

ಏಪ್ರಿಲ್ 3, ಗುರುವಾರ

ಇವತ್ತು ಒಂದು ಯೋಚನೆ ಬಂತು, ಬಂದ ಕೂಡಲೇ ಜೀವ ಬಂದಂತಾಯಿತು. ಈ ಸಲ ಮೇಜು ಹಾಕಿ ನಿಯಮದಂತೆ ತುಂಬಿದರಾಯಿತು. ಲಾರಿ ಮಗುಚುತ್ತದೆ. ಗೋಡೆ ಸಾಲದು ಎಂದು ತಾನಾಗಿಯೇ ಗೊತ್ತಾಗುತ್ತದೆ. ಲೆಕ್ಕದ ಹುಡುಗಿಯ ಲೆಕ್ಕ ಸರಿ ಎಂದಾಗುತ್ತದೆ. ಚಾಲಕನ ಮೇಲಿನ ಮಾತೂ ಹೋಗುತ್ತದೆ. ನಾನು ಬಾಯಿ ಬಿಡಬೇಕಾಗಿಯೇ ಇಲ್ಲ.

ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ಹೆಂಡತಿ ಖುಷಿಪಟ್ಟಳು.

ಏಪ್ರಿಲ್ 8, ಮಂಗಳವಾರ

ಬಡಗಿಯ ಮನೆಗೇ ಹೋಗಿ ಮೇಜುಗಳನ್ನು ತಂದೆ. ಮಧ್ಯಾಹ್ನ ತುಂಬಲು ಶುರು ಮಾಡಿದಾಗ ರೇಡಿಯೊ ಫೋರ್ಕ್‌ಲಿಫ್ಟಿನಿಂದ ಇಳಿದು ಹತ್ತಿರ ಬಂದ. "ಈ ಸಲ ಮೇಜು ಹಾಕೋದಾ, ಬಿಡೋದಾ?" ಎಂದು ಮೆಲ್ಲಗೆ ಕೇಳಿದ. ಹಾಕೋದು ಎಂದೆ. ತಲೆಯಾಡಿಸಿ ಹತ್ತಿ ಕೂತ. ಇನ್ನೂರು ಚೀಲವನ್ನೂ ಎತ್ತಿಕೊಟ್ಟ.

ಹಾಳೆಯನ್ನು ಇವತ್ತು ಸಂಜೆ ತುಂಬಲಿಲ್ಲ. ನಾಳೆ ಅಳೆದ ಮೇಲೆ ತುಂಬುತ್ತೇನೆ.

ಏಪ್ರಿಲ್ 9, ಬುಧವಾರ

ಬೆಳಿಗ್ಗೆ ಟೇಪು ಹಿಡಿದು ಅಳೆದೆ, ನೂರ ಅರವತ್ತೈದು. ಬರೆದೆ.

ಲಾರಿ ಬಡಿಯಿತು. ಮುಂದಿನ ಚಕ್ರ ಗೋಡೆಗೆ ತಾಗಿ, ಹೊರೆ ಹೊರಕ್ಕೆ ವಾಲಿ, ಇಡೀ ಗಾಡಿ ಗೋಡೆಯ ಮೇಲೆ ಒರಗಿಕೊಂಡು ಆಚೆ ಬದಿಗೆ ಬೆನ್ನು ಹಾಕಿ ಬಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಆಚೆ ಬದಿಗೆ ಇಲ್ಲಿ ನೆಲವಿದೆ. ಸೇತುವೆಯಲ್ಲಿ ಇರಲಿಲ್ಲ.

ಚಾಲಕನ ಜಾಗ ಅಪ್ಪಚ್ಚಿಯಾಗಿತ್ತು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ನಾನು ಆ ಸೀಟಿನ ಕಡೆ ನೋಡಿದೆ. ಅಲ್ಲಿ ಯಾರೂ ಇಲ್ಲವೆಂದು ಗೊತ್ತಿದ್ದೂ ಹತ್ತಿರ ಹೋಗಿ ನೋಡಿದೆ.

ಲೆಕ್ಕದ ಹುಡುಗಿ ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಎಲ್ಲ ಸರಿಹೋಗುತ್ತದೆ ಇನ್ನು, ಎಂದುಕೊಂಡೆ.

ಏಪ್ರಿಲ್ 10, ಗುರುವಾರ

ಏನೂ ಸರಿಹೋಗಲಿಲ್ಲ. ನನ್ನ ಜಾಣತನಕ್ಕೆ ಮಣ್ಣು ಬಿತ್ತು.

ಅದೇ ಗೋಡೆ, ಅದೇ ತೂಕ, ಅದೇ ವೇಗ. ಒಂದು ಸಲ ಲಾರಿ ನಿಂತಿತು, ಒಂದು ಸಲ ಬಿತ್ತು. ಹೀಗೆ ಮನಸ್ಸಿಗೆ ಬಂದಂತೆ ನಡೆದುಕೊಳ್ಳುವ ವಿನ್ಯಾಸ ಮಾಡಿದವರು ಯಾರು ಎಂದು ಸಮಿತಿ ಕೇಳಿದೆ. ಎರಡರ ವ್ಯತ್ಯಾಸಕ್ಕೆ ಕಾರಣವೇನೆಂದು ಸೋಮವಾರದೊಳಗೆ ಬರೆದುಕೊಡಬೇಕು, ಇಲ್ಲವಾದರೆ ಅವಳನ್ನು ಅಮಾನತು ಮಾಡುತ್ತಾರೆ. ಹಳೇ ಪರೀಕ್ಷೆಯನ್ನು ರದ್ದು ಮಾಡಿಲ್ಲ. ಹದಿನಾಲ್ಕು ಸೇತುವೆಗಳ ಮೇಲೆ ಲಾರಿಗಳು ಓಡುತ್ತಲೇ ಇವೆ. ಯಾರದು ಸರಿ ಎಂದು ತೀರ್ಮಾನವಾಗುವವರೆಗೆ ಓಡಲಿ ಎಂದಿದ್ದಾರೆ.

ಕಾರಣ ನನ್ನ ಹೊಟ್ಟೆಯಲ್ಲಿದೆ. ಮಗಳ ವಯಸ್ಸಿನವಳು ಅದನ್ನು ಕಾಗದದಲ್ಲಿ ಹುಡುಕುತ್ತಿದ್ದಾಳೆ.

ಏಪ್ರಿಲ್ 12, ಶನಿವಾರ

ಹೆಂಡತಿಗೆ ಹೇಳಿದೆ. ಅವಳು ಬಟ್ಟೆ ಮಡಿಸುತ್ತಿದ್ದಳು. ಮೊದಲಿಂದ ಕೊನೆಯವರೆಗೂ ಮಡಿಸುತ್ತಲೇ ಕೇಳಿದಳು. ನೀವು ತಪ್ಪು ತೂಗಿಲ್ಲವಲ್ಲ ಎಂದು ಸಮಾಧಾನ ಹೇಳುತ್ತಾಳೇನೋ ಎಂದು ಕಾದೆ. ನಾಚಿಕೆಗೇಡಿತನ ಅಂದರೆ ಇದೇ, ಹೆಂಡತಿಯ ಬಾಯಿಂದ ಆ ಮಾತು ಬರಲೆಂದು ಕಾದು ಕೂತದ್ದು.

"ಆ ಡ್ರೈವರ್ರಿಗೆ ಮಕ್ಕಳಿದ್ವಾ?" ಎಂದು ಕೇಳಿದಳು.

ಗೊತ್ತಿಲ್ಲ ಎಂದೆ. ನಿಜವಾಗಿ ಗೊತ್ತಿಲ್ಲ. ಅವರಣ್ಣ ನನ್ನ ಶೆಡ್ಡಿನಲ್ಲಿ ಅರ್ಧ ಗಂಟೆ ಇದ್ದ, ನಾನು ಅದನ್ನೂ ಕೇಳಲಿಲ್ಲ.

ಏಪ್ರಿಲ್ 14, ಸೋಮವಾರ

ಹೇಳಬೇಕೆಂದೇ ಹೊರಟಿದ್ದೆ. ಅವಳ ಕೋಣೆಯ ಬಾಗಿಲವರೆಗೆ ಎರಡು ಸಲ ಹೋಗಿ, ಎರಡು ಸಲ ನಲ್ಲಿಯ ಹತ್ತಿರ ಹೋಗಿ ನೀರು ಕುಡಿದು ಬಂದೆ. ಮೂರನೆಯ ಸಲ ಅವಳೇ ಬಾಗಿಲು ತೆರೆದಳು. ಬನ್ನಿ ಅಣ್ಣ, ನಿಮ್ಮನ್ನೇ ಕರೆಯೋಣ ಅಂತಿದ್ದೆ ಎಂದಳು.

ಮೇಜಿನ ತುಂಬ ಹಾಳೆಗಳು. ತಲೆ ಬಾಚಿರಲಿಲ್ಲ. ನಾಲ್ಕು ದಿನದಿಂದ ಮನೆಗೆ ಹೋಗಿದ್ದಾಳೋ ಇಲ್ಲವೋ.

"ಎಲ್ಲಾ ತೆಗೆದು ನೋಡ್ದೆ ಅಣ್ಣ. ವೇಗ, ಕೋನ, ಉಕ್ಕು, ಕಾಂಕ್ರೀಟು, ಟಯರಿನ ಗಾಳಿ ಕೂಡ. ಎರಡು ಸಲಾನೂ ಎಲ್ಲಾ ಒಂದೇ. ನಿಮ್ಮ ಹಾಳೆ ಒಂದು ನೋಡ್ಲಿಲ್ಲ. ನೀವು ತುಂಬಿದ್ದನ್ನ ನೋಡೋಕೇನಿದೆ ಅಂತ ಬಿಟ್ಟೆ."

ಬೇರೆ ಯಾವ ಮಾತು ಹೇಳಿದ್ದರೂ ತಪ್ಪಿಸಿಕೊಳ್ಳುತ್ತಿದ್ದೆನೇನೋ. ಕುರ್ಚಿಯ ಬೆನ್ನು ಹಿಡಿದುಕೊಂಡು ಹೇಳಿದೆ.

"ಮೊದಲ್ನೇ ಸಲ ಮೇಜು ಹಾಕಿರ್ಲಿಲ್ಲ ಮೇಡಂ. ಚೀಲ ಲಾರಿ ಹಾಸಿನ ಮೇಲೇ ಇತ್ತು. ಹಾಳೇಲಿರೋದು ಸುಳ್ಳು."

ಅವಳು ಬೈಯಲಿಲ್ಲ. ಅರ್ಥವಾದ ಹಾಗೂ ಕಾಣಲಿಲ್ಲ. ಪೆನ್ನು ತೆಗೆದುಕೊಂಡು, ಹಾಗಾದರೆ ನಡುಮಟ್ಟ ಎಷ್ಟಾಗುತ್ತೆ ಎಂದು ಕೇಳಿದಳು. ನೂರ ಇಪ್ಪತ್ತೈದು ಎಂದೆ. ಬರೆದಳು. ಪುಟ ತಿರುವಿದಳು, ಕೂಡಿದಳು, ಭಾಗಿಸಿದಳು, ಇನ್ನೊಂದು ಹಾಳೆ ಎಳೆದುಕೊಂಡಳು. ನಾನು ನಿಂತೇ ಇದ್ದೆ. ಹತ್ತು ನಿಮಿಷವಿರಬೇಕು. ಕಿಟಕಿಯ ಹೊರಗೆ ರೇಡಿಯೊನ ಗಾಡಿ ಹಿಂದಕ್ಕೆ ಬರುವ ಸದ್ದು ಕೇಳುತ್ತಿತ್ತು.

ನೂರ ಇಪ್ಪತ್ತೈದಕ್ಕೆ ಲಾರಿ ನಿಲ್ಲುತ್ತದೆ. ನೂರ ಅರವತ್ತೈದಕ್ಕೆ ಬೀಳುತ್ತದೆ. ಗೋಡೆ ನೂರ ಹತ್ತಿದ್ದರೆ ಎರಡರಲ್ಲೂ ನಿಲ್ಲುತ್ತದೆ.

"ಲೆಕ್ಕ ಸರಿಹೋಯ್ತು" ಎಂದಳು. ತಲೆಯೆತ್ತಿ ನನ್ನನ್ನು ನೋಡಿ ನಕ್ಕಳು. ಎರಡು ವರ್ಷದ ಹಿಂದೆ, ಆ ಪರೀಕ್ಷೆಗೆ ಮೊದಲು ಅವಳಲ್ಲಿ ಕಾಣುತ್ತಿದ್ದ ನಗು, ಕಣ್ಣಲ್ಲಿ ನೀರು. "ನನ್ನ ಲೆಕ್ಕ ಮೊದ್ಲಿಂದಾನೂ ಸರಿ ಇತ್ತು. ಥ್ಯಾಂಕ್ಸ್ ಅಣ್ಣ."

ನನಗೆ ಥ್ಯಾಂಕ್ಸ್ ಹೇಳಿದಳು. ಆಮೇಲೆ, ತಾನು ಯಾರಿಗೆ ಹೇಳುತ್ತಿದ್ದೇನೆ ಎಂದು ಅವಳಿಗೆ ಹೊಳೆಯಿತು. ನಗು ಮುಖದಿಂದ ಒಮ್ಮೆಗೇ ಹೋಗಲಿಲ್ಲ, ಸ್ವಲ್ಪ ಸ್ವಲ್ಪವೇ ಇಳಿಯಿತು. ನಾನು ಅಷ್ಟನ್ನೂ ನೋಡುತ್ತ ನಿಂತಿದ್ದೆ. ನೆಲ ನೋಡಿದ್ದರೆ ಸುಲಭವಾಗುತ್ತಿತ್ತು.

ಹಾಳೆಗಳನ್ನು ಜೋಡಿಸಿಕೊಂಡು ಎದ್ದಳು. ನಿರ್ದೇಶಕರ ಹತ್ತಿರ ಹೋಗೋಣ ಎಂದಳು. ಕಾರಿಡಾರಿನಲ್ಲಿ ಅವಳು ಮುಂದೆ, ನಾನು ಹಿಂದೆ.

ಏಪ್ರಿಲ್ 17, ಗುರುವಾರ

ಹದಿನಾಲ್ಕೂ ಸೇತುವೆಗಳ ಮೇಲೆ ಭಾರಿ ಲಾರಿಗಳ ಓಡಾಟ ನಿಲ್ಲಿಸಿದ್ದಾರೆ. ಆರು ಸೇತುವೆಗಳಿಗೆ ಹೋಗಬೇಕಿದ್ದ ಗೋಡೆ ವಾಪಸಾಗಿದೆ. ನಾನು ಮನೆಯಲ್ಲಿದ್ದೇನೆ, ಕರೆದಾಗ ಹೋಗಬೇಕು. ರೇಡಿಯೊ ಬಂದು, ತನಗೂ ಗೊತ್ತಿತ್ತೆಂದು ಬರೆದುಕೊಟ್ಟೆ ಎಂದ. ಹೆಂಡತಿ ಅವನಿಗೆ ಊಟ ಹಾಕಿದಳು. ಹೊಟ್ಟೆ ತುಂಬುವವರೆಗೂ ಮಾತಾಡಿ, ಕ್ಯಾಂಟೀನಿನ ಸುದ್ದಿಯನ್ನೆಲ್ಲ ಹೇಳಿ ಹೋದ.

ಗೇಟಿನ ಪುಸ್ತಕದಿಂದ ಆ ಅಣ್ಣನ ವಿಳಾಸ ತರಿಸಿದ್ದೇನೆ. ಭಾನುವಾರ ಹೋಗುತ್ತೇನೆ. ಸಮಿತಿಯ ಕಾಗದ ತಲುಪುವ ಮೊದಲು ನನ್ನ ಬಾಯಿಂದಲೇ ಕೇಳಲಿ. ಬಾಗಿಲು ತೆರೆಯದಿದ್ದರೆ ಹೊರಗೆ ನಿಂತು ಹೇಳುತ್ತೇನೆ.

ಏಪ್ರಿಲ್ 18, ಶುಕ್ರವಾರ

ಸಮಿತಿಯವರು ಹೇಳಿಕೆ ಬರೆಸಿಕೊಂಡರು. ಕೊನೆಯ ಪ್ರಶ್ನೆ, ಎರಡು ವರ್ಷ ಏಕೆ ಹೇಳಲಿಲ್ಲ ಎಂದು. ಯಾರೂ ಕೇಳಲಿಲ್ಲ ಎಂದು ಬರೆದೆ. ಅದು ಸುಳ್ಳು, ಒಬ್ಬ ಕೇಳಿದ್ದ. ಹೊಡೆದುಹಾಕಿ, ನಾಚಿಕೆಯಾಗಿತ್ತು ಎಂದು ಬರೆದೆ.

ಅವರಲ್ಲಿ ಹಿರಿಯರು ಕನ್ನಡಕ ತೆಗೆದು, ಇದು ಕಾರಣ ಅಲ್ಲ, ಕಾರಣ ಬರೀರಿ ಎಂದು ಹಾಳೆಯನ್ನು ನನ್ನ ಕಡೆಗೆ ತಳ್ಳಿದರು. ಬರೆದದ್ದನ್ನು ಮತ್ತೊಮ್ಮೆ ಓದಿದೆ. ಅದರ ಕೆಳಗೆ ಬರೆಯಲು ಬೇರೆ ಏನೂ ಇರಲಿಲ್ಲ.